ಮೊದಲ ಹುಟ್ಟುಹಬ್ಬ: ಕೊಡುವ ದಿನವೋ, ಕೊಳ್ಳುವ ದಿನವೋ?

ಭಗವಜ್ಜಿನಸೇನಾಚಾರ್ಯರು ಕ್ರಿ.ಶ. 9ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ಗೃಹಸ್ಥನ ಮನೆಯಲ್ಲಿ ನಡೆಯಬೇಕಾದ ಗರ್ಭಾನ್ವಯ ಕ್ರಿಯೆಗಳ ನಿರೂಪಣೆಯಿದೆ. 53 ಕ್ರಿಯೆಗಳ ಆ ಪರಂಪರೆಯಲ್ಲಿ 11ನೆಯದು ವ್ಯುಷ್ಟಿಕ್ರಿಯೆ. ಮಗುವಿಗೆ ಒಂದು ವರ್ಷ ತುಂಬಿದಾಗ ಆಚರಿಸಬೇಕಾದ ಈ ಸಂಸ್ಕಾರಕ್ಕೆ ವರ್ಷವರ್ಧನವೆಂಬ ಹೆಸರೂ ಉಂಟು. ಆ ದಿನ ಮಾಡಬೇಕಾದುದನ್ನು ಆಚಾರ್ಯರು ಬಹು ಮಿತವಾಗಿ ಹೇಳಿದ್ದಾರೆ. ಹಿಂದಿನ ಕ್ರಿಯೆಗಳಲ್ಲಿ ಮಾಡಿದಂತೆ ದಾನ ಮಾಡಬೇಕು, ಜಿನಪೂಜೆ ಮಾಡಬೇಕು, ಇಷ್ಟಬಂಧುಗಳನ್ನು ಕರೆದು ಅವರೊಡನೆ ಊಟ ಮಾಡಬೇಕು. ಇಷ್ಟೇ ವಿಧಿ.

ಇಂದು ನಮ್ಮ ಶ್ರಾವಕ ಕುಟುಂಬಗಳಲ್ಲಿ ನಡೆಯುತ್ತಿರುವುದು ಏನು? ಬಂಧುಗಳ ಆಹ್ವಾನ ಉಳಿದಿದೆ, ಅದೂ ನೂರಾರು ಸಂಖ್ಯೆಯಲ್ಲಿ. ಊಟ ಉಳಿದಿದೆ. ಪೂಜೆ ಕೆಲವರಲ್ಲಿ ಉಳಿದಿದೆ. ಆದರೆ ಮೊದಲು ಹೇಳಿದ ದಾನವು ಮಾತ್ರ ದಿಕ್ಕು ಬದಲಿಸಿಕೊಂಡಿದೆ. ಕೊಡಬೇಕಾದ ಮನೆ ಕೊಳ್ಳುವ ಮನೆಯಾಗಿದೆ. ವೇದಿಕೆಯ ಬದಿಯಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣಗಳ ರಾಶಿ, ಲಕೋಟೆಗಳ ಕಟ್ಟು, ಯಾರು ಏನು ಕೊಟ್ಟರೆಂಬುದನ್ನು ಬರೆದುಕೊಳ್ಳಲು ಕುಳಿತ ಒಬ್ಬ ಸೋದರಮಾವ: ಇದು ನಮ್ಮ ಇಂದಿನ ವ್ಯುಷ್ಟಿ.

ಮಗುವಿಗೆ ಏನು ಉಡುಗೊರೆ ಕೊಡಬೇಕೆಂಬುದು ಇಷ್ಟೊಂದು ಚರ್ಚೆಗೆ ಯೋಗ್ಯವಾದ ವಿಷಯವೇ ಎಂದು ಕೆಲವರು ಕೇಳಬಹುದು. ಯೋಗ್ಯವೆಂದೇ ನನ್ನ ಭಾವನೆ. ನಮ್ಮ ಅಣುವ್ರತಗಳಿಗೆ ಪರೀಕ್ಷೆ ಎದುರಾಗುವುದು ಪ್ರವಚನ ಮಂಟಪದಲ್ಲಿ ಅಲ್ಲ, ಅಂಗಡಿಯ ಕಟ್ಟೆಯ ಮುಂದೆ. ಅಹಿಂಸೆ, ಅಪರಿಗ್ರಹಗಳ ಬಗೆಗೆ ಗಂಟೆಗಟ್ಟಲೆ ಕೇಳಿ ಬಂದವರು ಅದೇ ಸಂಜೆ ಕೂಸಿಗೆ ಏನನ್ನು ಕೊಳ್ಳುತ್ತಾರೆಂಬುದರಿಂದ ಆ ಶ್ರವಣದ ಫಲ ತಿಳಿಯುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ಉಮಾಸ್ವಾಮಿಗಳು ದಾನದ ಲಕ್ಷಣವನ್ನು ಹೇಳಿ, ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದಲ್ಲಿ ತಾರತಮ್ಯ ಉಂಟಾಗುತ್ತದೆ ಎಂದಿದ್ದಾರೆ. ಕೂಸಿಗೆ ಕೊಡುವ ಉಡುಗೊರೆ ಶಾಸ್ತ್ರಾರ್ಥದಲ್ಲಿ ಪಾತ್ರದಾನವಲ್ಲ ಎಂಬುದನ್ನು ನಾನು ಬಲ್ಲೆ. ಸಾಧರ್ಮಿಗಳ ನಡುವಣ ಕೊಡುಗೆಯಾದ್ದರಿಂದ ಹೆಚ್ಚೆಂದರೆ ಅದನ್ನು ಆದಿಪುರಾಣವು ಹೇಳುವ ಸಮದತ್ತಿಯ ಸಮೀಪಕ್ಕೆ ತರಬಹುದು. ಆದರೂ ಕೊಡುವ ಕ್ರಿಯೆಯನ್ನು ತೂಗಲು ಈ ನಾಲ್ಕಕ್ಕಿಂತ ಉತ್ತಮವಾದ ತಕ್ಕಡಿ ನಮ್ಮಲ್ಲಿಲ್ಲ. ಹುಟ್ಟುಹಬ್ಬದ ಉಡುಗೊರೆಯನ್ನು ಇದರಲ್ಲಿಯೇ ಇಟ್ಟು ನೋಡೋಣ.

ಪಾತ್ರ ಯಾರು?

ಒಂದು ವರ್ಷದ ಮಗುವಿಗೆ ಬೆಲೆ ತಿಳಿಯದು. ಅದಕ್ಕೆ ಬೇಕಾದುದು ತಾಯಿಯ ಮಡಿಲು, ಹಿಡಿದು ನಿಲ್ಲಲು ಒಂದು ಆಸರೆ, ಮೆತ್ತನೆಯ ಬಟ್ಟೆ, ಹೊತ್ತಿಗೆ ಸರಿಯಾಗಿ ನಿದ್ರೆ. ಎರಡು ಸಾವಿರ ರೂಪಾಯಿಯ ಆಟಿಕೆಯನ್ನು ಬಿಟ್ಟು ಅದು ಬಂದ ರಟ್ಟಿನ ಪೆಟ್ಟಿಗೆಯೊಡನೆ ಮಗು ಆಡುವುದನ್ನು ಕಾಣದ ಮನೆಯಿಲ್ಲ. ಆ ದಿನದ ನೆನಪೂ ಅದಕ್ಕೆ ಉಳಿಯದು. ಹಾಗಾದರೆ ಈ ಉಡುಗೊರೆ ಸಲ್ಲುವುದು ಯಾರಿಗೆ? ತಂದೆತಾಯಿಯರಿಗೆ, ಅಜ್ಜ ಅಜ್ಜಿಯರಿಗೆ, ನೆರೆದ ಸಭೆಗೆ. ಕೂಸು ಇಲ್ಲಿ ಪಾತ್ರವಲ್ಲ, ನಿಮಿತ್ತ. ಇದನ್ನು ಒಪ್ಪಿಕೊಂಡರೆ ಮುಂದಿನ ವಿಚಾರ ಸುಲಭವಾಗುತ್ತದೆ.

ದ್ರವ್ಯ ಎಂಥದು?

ಮೊದಲು ರೇಷ್ಮೆಯನ್ನು ತೆಗೆದುಕೊಳ್ಳೋಣ. ಹೆಣ್ಣು ಕೂಸಿಗೆ ರೇಷ್ಮೆಯ ಲಂಗ, ಗಂಡು ಕೂಸಿಗೆ ರೇಷ್ಮೆಯ ಪಂಚೆ ಮತ್ತು ಅಂಗಿ ಎಂಬುದು ಈಗ ನಮ್ಮಲ್ಲಿಯೂ ಸಂಪ್ರದಾಯವೆಂಬಂತೆ ಬೆಳೆದಿದೆ. ಗೂಡಿನ ಎಳೆ ತುಂಡಾಗದಂತೆ ಬಿಚ್ಚಬೇಕಾದರೆ ಒಳಗಿನ ಕೋಶವು ಪತಂಗವಾಗಿ ಗೂಡನ್ನು ಕೊರೆದು ಹೊರಬರಬಾರದು. ಆದ್ದರಿಂದ ಅದನ್ನು ಬಿಸಿಗಾಳಿಯಿಂದಲೋ ಆವಿಯಿಂದಲೋ ಒಳಗಿದ್ದಂತೆಯೇ ಕೊಲ್ಲುತ್ತಾರೆ, ಬಳಿಕ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಇದು ಗುಟ್ಟಿನ ವಿಷಯವಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆಲ್ಲ ತಿಳಿದದ್ದೇ. ಲೆಕ್ಕವನ್ನೂ ನೋಡೋಣ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸಾಮಾನ್ಯವಾಗಿ ಆರು ಏಳು ಕಿಲೋ ಹಸಿಗೂಡು ಬೇಕು. ಒಂದು ಹಸಿಗೂಡಿನ ತೂಕ ಹೆಚ್ಚುಕಡಿಮೆ ಎರಡು ಗ್ರಾಂ. ಅಂದರೆ ಕಿಲೋ ರೇಷ್ಮೆಗೆ ಮೂರು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜೀವಗಳು. ನೂರು ಗ್ರಾಂ ತೂಗುವ ಪುಟ್ಟ ಲಂಗಕ್ಕೆ ಮುನ್ನೂರು ತ್ರಸಜೀವಗಳ ಘಾತ. ಆ ಲಂಗವನ್ನು ಕೂಸು ತೊಡುವುದು ಒಂದು ಸಂಜೆ, ಹೆಚ್ಚೆಂದರೆ ಎರಡು. ಆರು ತಿಂಗಳಲ್ಲಿ ಅದು ಗಿಡ್ಡವಾಗುತ್ತದೆ. ಸೂರ್ಯಾಸ್ತದ ಮೊದಲು ಊಟ ಮುಗಿಸಿ, ನೀರು ಸೋಸಿ ಕುಡಿದು, ನೆಲದಡಿಯ ಗಡ್ಡೆಗಳನ್ನು ವರ್ಜಿಸುವ ಮನೆತನದ ಹಸುಗೂಸಿಗೆ ಮೊದಲ ಆಶೀರ್ವಾದವಾಗಿ ಈ ವಸ್ತ್ರವೇ? ಮಡಿಯೆಂದು ರೇಷ್ಮೆಯುಟ್ಟು ಬಸದಿಗೆ ಹೋಗುವ ಹಿರಿಯರೂ ಈ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿ ಹಾಕಬೇಕು. ಪತಂಗ ಹೊರಬಂದ ಮೇಲೆ ಗೂಡಿನಿಂದ ನೂಲು ತೆಗೆಯುವ ಅಹಿಂಸಾ ರೇಷ್ಮೆಯೂ ಇದೆಯಲ್ಲ ಎಂದರೆ, ಇದೆ, ಬೆಲೆಯೂ ಹೆಚ್ಚು. ಆದರೆ ಬೆವರುವ ಎಳೆಯ ಮೈಗೆ ಹತ್ತಿಯ ಮಲ್ಮಲ್‌ಗಿಂತ ಹಿತವಾದುದು ಇಲ್ಲವೆಂಬುದನ್ನು ನಾಲ್ಕು ದಶಕ ಹತ್ತಿ ಬಟ್ಟೆಯ ವ್ಯಾಪಾರ ಮಾಡಿದ ನಾನು ಧೈರ್ಯವಾಗಿ ಹೇಳಬಲ್ಲೆ.

ಮುತ್ತಿನ ಸರ, ಚರ್ಮದ ಪುಟಾಣಿ ಬೂಟು, ಹಕ್ಕಿಯ ಪುಕ್ಕ ತುಂಬಿದ ದಿಂಬು ಇವುಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಇವುಗಳ ಹುಟ್ಟು ಎಲ್ಲಿಂದ ಎಂಬುದನ್ನು ಒಂದು ಕ್ಷಣ ಯೋಚಿಸಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಮರದ ಆಟಿಕೆಯ ವಿಷಯ ಮಾತ್ರ ಸೂಕ್ಷ್ಮವಾದುದು. ಪ್ಲಾಸ್ಟಿಕ್ಕಿಗೆ ಬೇಸತ್ತವರು ಚನ್ನಪಟ್ಟಣದ ಬೊಂಬೆಗಳನ್ನು ಕೊಳ್ಳುತ್ತಾರೆ, ಅದು ಪೂರ್ಣ ನಿರ್ದೋಷವೆಂದು ನಂಬುತ್ತಾರೆ. ಹಾಲೆ ಮರದ ಕಟ್ಟಿಗೆಯನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಮೆರುಗು ಕೊಡುವ ಆ ಕೈಚಳಕಕ್ಕೆ ನಾನೂ ತಲೆದೂಗುತ್ತೇನೆ. ಆದರೆ ಅರಗು ಎಂಬುದು ಮರದ ಅಂಟಲ್ಲ. ಕೊಂಬೆಗಳಿಗೆ ಕಚ್ಚಿಕೊಂಡು ಬದುಕುವ ಅಸಂಖ್ಯ ಕೀಟಗಳು ತಮ್ಮ ಮೈಸುತ್ತ ಸ್ರವಿಸಿಕೊಂಡ ಕವಚ ಅದು. ಕೊಂಬೆ ಕಡಿದು ಕೆರೆದು ತೆಗೆಯುವಾಗ ಕೀಟಗಳೂ ನಾಶವಾಗುತ್ತವೆ. ಇದನ್ನು ಅರಿತೇ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕರಿಗೆ ವರ್ಜ್ಯವಾದ 15 ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವನ್ನು, ಅಂದರೆ ಅರಗಿನ ವ್ಯಾಪಾರವನ್ನು ಸೇರಿಸಿದ್ದಾರೆ. ನಮ್ಮ ದಿಗಂಬರ ಪರಂಪರೆಯ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯನ್ನು ಚರ್ಚಿಸಿದ್ದಾರೆ. ಹಾಗೆಂದು ಆ ಕುಶಲಕರ್ಮಿಗಳ ಅನ್ನಕ್ಕೆ ಕಲ್ಲು ಹಾಕಬೇಕೆಂದು ನಾನು ಹೇಳುತ್ತಿಲ್ಲ. ಬಣ್ಣ ಮೆರುಗುಗಳಿಲ್ಲದ, ನಯವಾಗಿ ಉಜ್ಜಿದ ಬರಿಮರದ ಗಿಲಕಿಯನ್ನು ಮಾಡಿಕೊಡಿರೆಂದು ಅವರನ್ನೇ ಕೇಳಬಹುದು. ಕೊಳ್ಳುವವನು ಕೇಳಿದ್ದನ್ನು ಮಾಡುವವನು ಒದಗಿಸುತ್ತಾನೆ. ಇದು ವ್ಯಾಪಾರದ ಮೊದಲ ಪಾಠ.

ಅಹಿಂಸೆಯು ಕೇವಲ ಪರಜೀವಗಳ ವಿಷಯವೂ ಅಲ್ಲ. ಪ್ರಮಾದದಿಂದ ಪ್ರಾಣಕ್ಕೆ ಕುತ್ತು ತರುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಈ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕಾಲ್ಗೆಜ್ಜೆಯಿಂದ ಕಳಚಿದ ಬೆಳ್ಳಿಯ ಗೆಜ್ಜೆ, ಓಲೆಯ ತಿರುಪು, ಬೊಂಬೆಯ ಕಣ್ಣು ಗಂಟಲಿಗೆ ಸಿಕ್ಕಿಕೊಳ್ಳಬಲ್ಲವು. ಹಾಡುವ, ಮಿನುಗುವ ಆಟಿಕೆಗಳೊಳಗಿನ ಗುಂಡಿಯಾಕಾರದ ಬ್ಯಾಟರಿಯು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳಷ್ಟರಲ್ಲಿ ಅಲ್ಲಿ ತೀವ್ರವಾದ ಸುಟ್ಟಗಾಯ ಮಾಡಬಲ್ಲದೆಂದು ವೈದ್ಯರು ಎಚ್ಚರಿಸುತ್ತಾರೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳ ಮೇಲೆ ಐಎಸ್‌ಐ ಗುರುತನ್ನು ಸರ್ಕಾರ ಕಡ್ಡಾಯಗೊಳಿಸಿದೆ. ನೋಂದಾಯಿತ ಕುಶಲಕರ್ಮಿಗಳು ಮಾಡುವ ಆಟಿಕೆಗಳಿಗೆ ವಿನಾಯಿತಿಯಿದೆ. ಪೊಟ್ಟಣದ ಕಾಗದದ ಅಂದವನ್ನು ನೋಡುವವರು ಈ ಗುರುತನ್ನು ನೋಡುವುದಿಲ್ಲ. ನೋಡದೆ ಕೊಡುವುದೇ ಪ್ರಮಾದ.

ಇನ್ನು ಚಿನ್ನ. ಇದರಲ್ಲಿ ಜೀವಘಾತವು ಕಣ್ಣಿಗೆ ಕಾಣದಿರಬಹುದು, ಆದರೆ ಪರಿಗ್ರಹವು ಎದ್ದು ಕಾಣುತ್ತದೆ. ಐದನೆಯ ಅಣುವ್ರತದ ಅತಿಚಾರಗಳಲ್ಲಿ ಹಿರಣ್ಯ ಸುವರ್ಣಗಳ ಪ್ರಮಾಣವನ್ನು ಮೀರುವುದನ್ನು ಹೆಸರಿಸಿಯೇ ಹೇಳಲಾಗಿದೆ. ಪರಿಗ್ರಹಕ್ಕೆ ಪರಿಮಾಣ ಮಾಡಿಕೊಂಡ ದಂಪತಿಗಳು ತಮ್ಮ ಮಿತಿಯನ್ನು ಮೀರಿದ ಉಂಗುರ, ಸರ, ಬಳೆಗಳನ್ನು ಮಗುವಿನ ಹೆಸರಿನಲ್ಲಿ ಕಪಾಟಿಗೆ ಸೇರಿಸುವುದು ವ್ರತಕ್ಕೆ ಹಿಂಬಾಗಿಲು ಇಟ್ಟಂತೆ.

ದಾತೃವಿನ ಮನಸ್ಸು, ಕೊಡುವ ವಿಧಿ

ಈಗ ಕೊಡುವವನ ಬಳಿಗೆ ಬರೋಣ. ನಮ್ಮ ಊರುಗಳಲ್ಲಿ ಮುಯ್ಯಿ ಎಂಬ ಪದ್ಧತಿ ಹಿಂದಿನಿಂದಲೂ ಇದೆ. ಕಷ್ಟಕಾಲದಲ್ಲಿ, ಮದುವೆಯಲ್ಲಿ ಒಬ್ಬರಿಗೊಬ್ಬರು ಕೈಗೂಡಿಸುವ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಆದರೆ ಮಗುವಿನ ಹುಟ್ಟುಹಬ್ಬದಲ್ಲಿ ಮುಯ್ಯಿಯ ಪುಸ್ತಕ ತೆರೆದಾಗ ಆಗುವುದೇನು? ಅವರು ನಮ್ಮ ಮಗುವಿಗೆ ಅರ್ಧ ಗ್ರಾಂ ಕೊಟ್ಟರು, ನಾವು ಅವರ ಮಗುವಿಗೆ ಅದಕ್ಕೆ ಕಡಿಮೆ ಕೊಡಬಾರದು. ವಾಣಿಜ್ಯ ಓದಿದ ನನಗೆ ಇದರ ಹೆಸರು ತಿಳಿದಿದೆ. ಹಿಂದಿರುಗಿ ಬರುವುದೆಂಬ ನಿರೀಕ್ಷೆಯಿಂದ ಕೊಟ್ಟದ್ದು ಖಾತೆಯಲ್ಲಿ ಉದ್ರಿ, ದಾನವಲ್ಲ. ಪಡೆದವನ ಖಾತೆಯಲ್ಲಿ ಅದು ಸಾಲ. ಇನ್ನೂ ತನ್ನ ಹೆಸರನ್ನು ನುಡಿಯಲು ಬಾರದ ಕೂಸನ್ನು ನಾವು ಮೊದಲ ವರ್ಷದಲ್ಲಿಯೇ ನೂರು ಮನೆಗಳ ಸಾಲಗಾರನನ್ನಾಗಿ ಮಾಡುತ್ತಿದ್ದೇವೆ.

ಈ ಸಾಲದ ಭಾರ ಎಲ್ಲರ ಮೇಲೆ ಸಮನಾಗಿಯೂ ಬೀಳುವುದಿಲ್ಲ. ಸಮಾಜದಲ್ಲಿ ಅಡಿಕೆ ಮಂಡಿಯವರಿದ್ದಾರೆ, ಕಾರ್ಖಾನೆಯವರಿದ್ದಾರೆ. ಬಸದಿಯ ಪುರೋಹಿತರು, ಅಂಗಡಿಯ ಗುಮಾಸ್ತರು, ಎರಡೆಕರೆಯ ಒಕ್ಕಲು ಮಕ್ಕಳೂ ಇದ್ದಾರೆ. ಒಂದು ಗ್ರಾಂ ಚಿನ್ನದ ಇಂದಿನ ಬೆಲೆ ಗುಮಾಸ್ತನೊಬ್ಬನ ಹಲವಾರು ದಿನಗಳ ಸಂಬಳವನ್ನು ನುಂಗುತ್ತದೆ. ಸಾಧರ್ಮಿಯ ಮನೆಯ ಕರೆಯೋಲೆ ಬಂದಾಗ ಸಂತೋಷಪಡಬೇಕಾದವನು ಲೆಕ್ಕ ಹಾಕುತ್ತ ಕುಳಿತುಕೊಳ್ಳುತ್ತಾನೆ. ಕೊನೆಗೆ ಏನಾದರೂ ನೆಪ ಹೇಳಿ ಮನೆಯಲ್ಲಿಯೇ ಉಳಿಯುತ್ತಾನೆ. ಸಾಧರ್ಮಿ ವಾತ್ಸಲ್ಯಕ್ಕೆ ಇದಕ್ಕಿಂತ ಹೆಚ್ಚಿನ ಹಾನಿ ಬೇರೆ ಯಾವುದು?

ಎಲ್ಲಕ್ಕಿಂತ ಕಠಿಣವಾದ ಭಾರ ಸೊಸೆಯ ತವರಿನ ಮೇಲೆ ಬೀಳುತ್ತದೆ. ಮೊದಲ ಹುಟ್ಟುಹಬ್ಬಕ್ಕೆ ತಾಯಿಯ ಮನೆಯಿಂದ ಕೂಸಿಗೆ ಸರ, ಅಳಿಯನಿಗೆ ಉಂಗುರ, ಬೀಗರಿಗೆ ಬಟ್ಟೆ ಬರಲೇಬೇಕೆಂಬ ಅಲಿಖಿತ ಶಾಸನ ಅನೇಕ ಮನೆಗಳಲ್ಲಿದೆ. ಮದುವೆಯಲ್ಲಿ ವರದಕ್ಷಿಣೆ ಬೇಡವೆಂದು ಹೆಮ್ಮೆಯಿಂದ ಹೇಳಿದವರೂ ಇಲ್ಲಿ ಬಾಯಿ ತೆರೆದು ಕೇಳುವುದಿಲ್ಲ. ಕೇಳದೆಯೇ ಕಾಯುತ್ತಾರೆ. 2001ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮಗುವಿನ ಜನನದ ಸಂದರ್ಭದ ರೂಢಿಯ ಕೊಡುಗೆಗಳು ವರದಕ್ಷಿಣೆಯ ವ್ಯಾಖ್ಯೆಯೊಳಗೆ ಸೇರುವುದಿಲ್ಲವೆಂದು ಹೇಳಿದೆ. ನ್ಯಾಯಾಲಯವು ಕಾನೂನಿನ ಶಬ್ದವನ್ನು ನೋಡಬೇಕು, ಸರಿ. ಆದರೆ ಶ್ರಾವಕನು ನೋಡಬೇಕಾದುದು ಪರಿಣಾಮವನ್ನು. ಮಗಳ ಮದುವೆಯ ಸಾಲ ತೀರುವ ಮೊದಲೇ ಮೊಮ್ಮಗುವಿನ ಸರಕ್ಕೆ ಹೊಸ ಸಾಲ ಮಾಡುವ ಅಜ್ಜನ ನಿಟ್ಟುಸಿರಿನಲ್ಲಿ ಯಾವ ಆಶೀರ್ವಾದವಿದ್ದೀತು?

ಕೊಡುವ ವಿಧಿಯೂ ಕೆಟ್ಟಿದೆ. ಪೊಟ್ಟಣಗಳನ್ನು ಎಲ್ಲರೆದುರು ಬಿಚ್ಚುವುದು, ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಓದುವುದು, ಚಿನ್ನ ಕೊಟ್ಟವರನ್ನು ಮಾತ್ರ ವೇದಿಕೆಗೆ ಕರೆದು ಛಾಯಾಚಿತ್ರ ತೆಗೆಸುವುದು ಇವೆಲ್ಲ ಮಾನಕಷಾಯವನ್ನು ಕೊಬ್ಬಿಸುವ ಉಪಾಯಗಳೇ ಹೊರತು ಮತ್ತೇನೂ ಅಲ್ಲ. ಕೂಸೋ, ಗದ್ದಲಕ್ಕೆ ಬೆದರಿ ಅಳುತ್ತಿರುತ್ತದೆ.

ಕೇಳಿಬರುವ ಆಕ್ಷೇಪಗಳು

ಗೃಹಸ್ಥರು ನಾವು, ಮುನಿಗಳಲ್ಲ, ಇಷ್ಟು ಕಠಿಣವಾಗಿ ಬದುಕಲು ಸಾಧ್ಯವೇ ಎಂಬುದು ಮೊದಲನೆಯ ಆಕ್ಷೇಪ. ನಮ್ಮ ಆಚಾರ್ಯರು ಇದಕ್ಕೆ ಉತ್ತರವನ್ನು ಮೊದಲೇ ಕೊಟ್ಟಿದ್ದಾರೆ. ಅಡಿಗೆ, ಬೇಸಾಯ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಅನಿವಾರ್ಯವಾಗಿ ಆಗುವ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳಿಂದ ಗೃಹಸ್ಥನಿಗೆ ಪೂರ್ಣ ಬಿಡುಗಡೆಯಿಲ್ಲ. ಆದರೆ ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಅವನು ಬಿಡಲೇಬೇಕು. ಹೊಟ್ಟೆಯ ಪಾಡಿಗಾಗಿ ಅಲ್ಲ, ಅಂದಕ್ಕಾಗಿ ಮುನ್ನೂರು ಜೀವಗಳ ನೂಲನ್ನು ತಿಳಿದೂ ತಿಳಿದೂ ಆರಿಸಿಕೊಳ್ಳುವುದು ಅನಿವಾರ್ಯದ ಯಾವ ವರ್ಗಕ್ಕೂ ಸೇರದು.

ಉಡುಗೊರೆಯೆಂಬುದು ಪ್ರೀತಿ, ಅದಕ್ಕೆ ಶಾಸ್ತ್ರದ ತಕ್ಕಡಿ ಏಕೆ ಎಂಬುದು ಎರಡನೆಯದು. ಪ್ರೀತಿಯಿಂದ ಕೊಡುವ ಅಜ್ಜಿಯ ಕೈಯನ್ನು ತಡೆಯುವವನು ನಾನಲ್ಲ. ಕರೆಯೋಲೆಯ ಕೆಳಗೆ ಉಡುಗೊರೆ ಬೇಡ, ಆಶೀರ್ವಾದ ಸಾಕು ಎಂದು ಅಚ್ಚುಹಾಕಿಸುವುದರಲ್ಲಿಯೂ ನನಗೆ ಪೂರ್ಣ ನಂಬಿಕೆಯಿಲ್ಲ. ಅದನ್ನು ಓದಿದವರು ಬರಿಗೈಯಲ್ಲಿ ಬರಲು ನಾಚುತ್ತಾರೆ, ಬಂದ ಲಕೋಟೆಯನ್ನು ಕರೆದವರು ಹಿಂದಿರುಗಿಸುವುದೂ ಇಲ್ಲ. ಕೊಡಬೇಕೆಂಬ ಸಹಜವಾದ ಭಾವಕ್ಕೆ ಅಣೆಕಟ್ಟು ಕಟ್ಟುವುದಕ್ಕಿಂತ ಅದಕ್ಕೆ ಕಾಲುವೆ ತೋಡುವುದು ಮೇಲು.

ಹಿಂದಿನವರೂ ಬಂಧುಗಳಿಂದ ಉಡುಗೊರೆ ಪಡೆಯುತ್ತಿರಲಿಲ್ಲವೇ ಎಂಬುದು ಮೂರನೆಯದು. ಪಡೆಯುತ್ತಿದ್ದರು, ಆದಿಪುರಾಣವೇ ಇದಕ್ಕೆ ಸಾಕ್ಷಿ. ಜನಿಸಿದ ಕೆಲವು ತಿಂಗಳುಗಳ ಮೇಲೆ ಮಗುವನ್ನು ಮೊದಲ ಬಾರಿ ಹೊರಗೆ ಕರೆತರುವ ಬಹಿರ್ಯಾನ ಕ್ರಿಯೆಯಲ್ಲಿ ಬಂಧುಗಳು ಪಾರಿತೋಷಕವಾಗಿ ಕೊಟ್ಟ ಹಣದ ಪ್ರಸ್ತಾಪ ಅಲ್ಲಿದೆ. ಆದರೆ ಅದರೊಡನೆಯೇ ಆಚಾರ್ಯರು ಒಂದು ನಿಬಂಧನೆಯನ್ನು ಹಾಕಿದ್ದಾರೆ. ಆ ಮಗು ಬೆಳೆದು ಪಿತ್ರಾರ್ಜಿತವನ್ನು ಪಡೆಯುವ ಕಾಲದಲ್ಲಿ ಈ ಹಣವನ್ನೂ ಅವನಿಗೆ ಒಪ್ಪಿಸಬೇಕು. ತಂದೆತಾಯಿಯರು ಅದರ ಒಡೆಯರಲ್ಲ, ಧರ್ಮದರ್ಶಿಗಳು. ಸಾವಿರ ವರ್ಷಗಳ ಹಿಂದೆಯೇ ಮಗುವಿನ ಹಣಕ್ಕೆ ಬೇರೆ ಖಾತೆ ತೆರೆದಿದ್ದ ಪರಂಪರೆ ನಮ್ಮದು! ಬಂದ ಲಕೋಟೆಗಳಿಂದ ಊಟದ ಗುತ್ತಿಗೆದಾರನ ಬಾಕಿ ತೀರಿಸುವ ನಾವು ಯಾವ ಮುಖದಿಂದ ಹಿಂದಿನವರ ಹೆಸರು ಹೇಳಬೇಕು?

ಹಾಗಾದರೆ ಏನು ಕೊಡಬೇಕು?

ಮಗುವಿನ ಕೈಗೆ ಒಂದು ಸರಳವಾದ ವಸ್ತು ಸಾಕು. ಒಂದಳತೆ ದೊಡ್ಡದಾದ ಹತ್ತಿಯ ಅಂಗಿ, ಬರಿಮರದ ಗಿಲಕಿ, ಬಟ್ಟೆಯ ಹಾಳೆಗಳ ಚಿತ್ರಪುಸ್ತಕ, ಅಜ್ಜಿಯೇ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಹಣವನ್ನೇ ಕೊಡಬೇಕೆನಿಸಿದರೆ ಬಹಿರ್ಯಾನದ ನಿಬಂಧನೆಯಂತೆ ಮಗುವಿನ ಹೆಸರಿನ ಖಾತೆಗೆ ಹೋಗಲಿ. ಹೆಣ್ಣು ಮಗುವಾದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಅಂಚೆ ಕಚೇರಿಯಲ್ಲಿ ಕೇವಲ 250 ರೂಪಾಯಿಗಳಿಂದ ತೆರೆಯಬಹುದು. ಖಾತೆಯ ಅವಧಿ 21 ವರ್ಷ. ಗುಮಾಸ್ತನೂ ಮಾಲೀಕನೂ ಸಂಕೋಚವಿಲ್ಲದೆ ಕೊಡಬಹುದಾದ ಉಡುಗೊರೆ ಇದು.

ಆದರೆ ವ್ಯುಷ್ಟಿಯ ಮುಖ್ಯ ಉಡುಗೊರೆ ಮಗುವಿಗೆ ಸಲ್ಲುವುದಲ್ಲ, ಮಗುವಿನ ಹೆಸರಿನಿಂದ ಹೊರಗೆ ಸಲ್ಲುವುದು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳು ನಮಗೆ ಬಾಯಿಪಾಠವಾಗಿವೆ. ಆ ದಿನ ಅವು ಕೈಗೂ ಬರಲಿ. ಅದೇ ಊರಿನ ಅಂಗನವಾಡಿಯ ಮಕ್ಕಳಿಗೆ ಒಂದು ತಿಂಗಳ ಹಣ್ಣು ಆಹಾರದಾನ. ಸರ್ಕಾರಿ ಆಸ್ಪತ್ರೆಯ ನವಜಾತ ಶಿಶುಗಳಿಗೆ ಬಟ್ಟೆ, ಶ್ರವಣಬೆಳಗೊಳದ ಬಾಹುಬಲಿ ಮಕ್ಕಳ ಆಸ್ಪತ್ರೆಯಂಥ ಸಂಸ್ಥೆಗೆ ಔಷಧದ ನೆರವು ಔಷಧದಾನ. ಹಳ್ಳಿಯ ಶಾಲೆಯ ಕಪಾಟಿಗೆ ಮಕ್ಕಳ ಪುಸ್ತಕಗಳು, ಬಸದಿಯ ತಾಡವೋಲೆಗಳ ರಕ್ಷಣೆಗೆ ಕಾಣಿಕೆ ಶಾಸ್ತ್ರದಾನ. ಗೋಶಾಲೆಗೆ ಒಂದು ಬಂಡಿ ಮೇವು ಅಭಯದಾನ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಭಾಷಣಗಳಲ್ಲಿ ಹೊಗಳುತ್ತೇವೆ. ನಮ್ಮ ಮಕ್ಕಳ ಹೆಸರಿನಲ್ಲಿ ಹತ್ತು ಪುಸ್ತಕ ಹಂಚಲು ನಮಗೆ ಅಡ್ಡಿಯೇನು? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸತ್ಪಾತ್ರಕ್ಕೆ ಕೊಟ್ಟ ಅಲ್ಪದಾನವನ್ನು ಆಲದ ಬೀಜಕ್ಕೆ ಹೋಲಿಸಿದ್ದಾರೆ. ಆ ಹೋಲಿಕೆಯು ಮುನಿದಾನವನ್ನು ಕುರಿತದ್ದಾದರೂ, ಕೊಡುಗೆಯ ಗಾತ್ರಕ್ಕೆ ಮರುಳಾಗುವ ನಮಗೆ ಅದರಲ್ಲಿ ಪಾಠವಿದೆ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಮೂರು. ಒಂದು: ಹುಟ್ಟುಹಬ್ಬಕ್ಕೆ ಸಭಾಭವನವನ್ನು ಕೊಡುವಾಗ ಬಾಡಿಗೆಯ ರಶೀದಿಯೊಡನೆ ವ್ಯುಷ್ಟಿದಾನದ ರಶೀದಿ ಪುಸ್ತಕವನ್ನೂ ಮುಂದಿಡಿ. ಬಂದ ಬಂಧುಗಳು ತಮ್ಮ ಶಕ್ತ್ಯನುಸಾರ ಮಗುವಿನ ಹೆಸರಿನಲ್ಲಿ ಹಣ ಕಟ್ಟಲಿ, ಅದು ಯಾವ ದಾನಕ್ಕೆಂದು ತಂದೆತಾಯಿಯರು ಹೇಳಲಿ. ಎರಡು: ಯಾರು ಎಷ್ಟು ಕೊಟ್ಟರೆಂಬುದನ್ನು ಫಲಕದಲ್ಲಿ ಬರೆಯಬೇಡಿ, ಧ್ವನಿವರ್ಧಕದಲ್ಲಿ ಓದಬೇಡಿ. ಮಗುವಿನ ಹೆಸರು ಮತ್ತು ಒಟ್ಟು ಮೊತ್ತ ಮಾತ್ರ ಸಾಕು. ಖರ್ಚಿನ ಲೆಕ್ಕವನ್ನು ಮಾತ್ರ ಪೈಸೆಪೈಸೆಗೂ ಪ್ರಕಟಿಸಿ. ಮೂರು: ತವರಿನಿಂದ ಚಿನ್ನದ ನಿರೀಕ್ಷೆ ಬೇಡವೆಂದು ಸಮಾಜದ ಸಭೆಯಲ್ಲಿ ನಿರ್ಣಯ ಮಾಡಿ, ಮೊದಲು ಆಡಳಿತ ಮಂಡಳಿಯ ಸದಸ್ಯರ ಮನೆಗಳಲ್ಲಿಯೇ ಅದು ಜಾರಿಗೆ ಬರಲಿ.

ಸೊಸೆಯ ತವರಿನವರು ಬಂದಾಗ ಅವರ ಕೈಯಲ್ಲಿ ಏನಿದೆಯೆಂದು ನೋಡದೆ ಮಗುವನ್ನು ಅವರ ಕೈಗೆ ಕೊಡುವ ಮನೆಯಲ್ಲಿ ವ್ಯುಷ್ಟಿ ನಿಜವಾಗಿ ನಡೆದಂತೆ. ಆ ಮನೆಯ ಕೂಸಿಗೆ ಮೊದಲ ವರ್ಷದ ನೆನಪು ಉಳಿಯದಿದ್ದರೂ ಚಿಂತೆಯಿಲ್ಲ. ಅದರ ಹೆಸರಿನಲ್ಲಿ ಶಾಲೆಗೆ ಸೇರಿದ ಪುಸ್ತಕವನ್ನು ಇನ್ನೊಂದು ಮಗು ಓದುತ್ತಿರುತ್ತದೆ. ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನ ಕ್ರಿಯೆಯಾಗಿ ಅಕ್ಷರ ಕಲಿತಾಗ ಅದು ಕೂಡಿ ಓದಬೇಕಾದ ಮೊದಲ ಕಾಗದವು ಯಾರ ಮುಯ್ಯಿ ಎಷ್ಟೆಂಬ ಪಟ್ಟಿಯಾಗದಿರಲಿ, ತಾನು ಮೊದಲ ವರ್ಷದಲ್ಲಿಯೇ ಕೊಟ್ಟದ್ದರ ರಶೀದಿಯಾಗಲಿ.